ಮಗುವಿಗೆ ವಿಡಿಯೋ ಗೇಮ್ ಕೊಡಿಸುವ ಮುನ್ನ

ಜ್ವರ, ಕೆಮ್ಮು, ಹೊಟ್ಟೆನೋವೆಂದು ಮಕ್ಕಳನ್ನು ಕರೆತರುವ ತಾಯಿತಂದೆಯರಲ್ಲಿ ಕೆಲವರು ಔಷಧಿ ಚೀಟಿ ಕೈಗೆ ಬಂದ ಮೇಲೂ ಎದ್ದು ಹೋಗುವುದಿಲ್ಲ. ಬಾಗಿಲ ಬಳಿ ನಿಂತು, ‘ಡಾಕ್ಟ್ರೇ, ಇನ್ನೊಂದು ಮಾತು ಕೇಳಬೇಕಿತ್ತು’ ಎನ್ನುತ್ತಾರೆ. ಮೊದಲೆಲ್ಲ ಆ ‘ಇನ್ನೊಂದು ಮಾತು’ ಟಾನಿಕ್ಕಿನ ಬಗ್ಗೆಯೋ, ಮಗು ಹಾಲು ಕುಡಿಯದ ಬಗ್ಗೆಯೋ ಇರುತ್ತಿತ್ತು. ಈಗ ಬೇರೆ ಪ್ರಶ್ನೆ ಬರುತ್ತದೆ. ‘ಹುಟ್ಟುಹಬ್ಬಕ್ಕೆ ವಿಡಿಯೋ ಗೇಮ್ ಬೇಕೆಂದು ಹಟ ಹಿಡಿದಿದ್ದಾನೆ. ಕೊಡಿಸಬಹುದೇ? ಕೊಡಿಸಿದರೆ ಯಾವುದು?’ ‘ಅಮೆರಿಕದಲ್ಲಿರುವ ಚಿಕ್ಕಪ್ಪ ಬರುವಾಗ ತರುತ್ತೇನೆ ಎಂದಿದ್ದಾರೆ. ಬೇಡ ಎನ್ನಲೇ?’

ಇದು ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ, ವೈದ್ಯರನ್ನಲ್ಲ ಎಂದು ನಿಮಗೆ ತೋರಬಹುದು. ಆದರೆ ಅಂಗಡಿಯವನು ಚಿತ್ರದ ಸ್ಪಷ್ಟತೆ, ವೇಗ, ವಾರಂಟಿ ಇಷ್ಟನ್ನು ಹೇಳುತ್ತಾನೆ. ಮಗುವಿನ ಕಣ್ಣು, ನಿದ್ದೆ, ಹೆಬ್ಬೆರಳು, ಓದು ಇವು ಅವನ ಬಿಲ್ಲಿನಲ್ಲಿ ಬರುವುದಿಲ್ಲ. ಅವೆಲ್ಲ ಕೊನೆಗೆ ಬರುವುದು ನಮ್ಮ ದವಾಖಾನೆಗೇ. ಆದ್ದರಿಂದ ಕೊಳ್ಳುವ ಮೊದಲೇ ನಾಲ್ಕು ಮಾತು ಆಡುವುದು ಒಳ್ಳೆಯದು.

‘ಬೇಡವೇ ಬೇಡ’ ಎಂದುಬಿಡುವುದು ಬಹಳ ಸುಲಭ. ಆದರೆ ಇಂದಿನ ಅಪ್ಪಅಮ್ಮಂದಿರಲ್ಲಿ ಅನೇಕರು ತಾವೇ ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ತಂತಿ ಸಿಕ್ಕಿಸಿ, ಕ್ಯಾಸೆಟ್ಟಿನ ತಳಕ್ಕೆ ಉಫ್ ಎಂದು ಊದಿ, ಮಾರಿಯೋ ಆಡಿದವರು. ಅವರೇನೂ ಕೆಟ್ಟುಹೋಗಲಿಲ್ಲ. ಹಾಗೆಂದು ಅಂದಿನ ಆಟವೂ ಇಂದಿನ ಆಟವೂ ಒಂದೇ ಅಲ್ಲ. ಅಂದು ‘ಗೇಮ್ ಓವರ್’ ಎಂದು ಪರದೆಯ ಮೇಲೆ ಬಂದರೆ ಆಟ ಮುಗಿಯುತ್ತಿತ್ತು. ಇಂದಿನ ಹಲವು ಆಟಗಳು ಮುಗಿಯುವುದೇ ಇಲ್ಲ. ಮುಗಿಯದಂತೆಯೇ ಅವನ್ನು ಹೆಣೆಯಲಾಗಿದೆ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಯಾವ ವಯಸ್ಸಿಗೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 5 ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 2ರಿಂದ 4 ವರ್ಷದ ಮಗು ಕುಳಿತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆ ಮೀರಬಾರದು. ಕಡಿಮೆಯಾದಷ್ಟೂ ಒಳ್ಳೆಯದು. ಅದೇ ವಯಸ್ಸಿನ ಮಗು ದಿನಕ್ಕೆ ಕನಿಷ್ಠ 3 ಗಂಟೆ ಓಡಾಡಿಕೊಂಡು, ಕುಣಿದುಕೊಂಡು ಇರಬೇಕು. ನಮ್ಮ ದೇಶದ ಮಕ್ಕಳ ತಜ್ಞರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಇಂಥದೇ ಮಾತು ಹೇಳಿದೆ: 2 ವರ್ಷದೊಳಗೆ ಪರದೆ ಬೇಡ, 2ರಿಂದ 5ರವರೆಗೆ ಹೆಚ್ಚೆಂದರೆ 1 ಗಂಟೆ, 5ರಿಂದ 10ರವರೆಗೆ 2 ಗಂಟೆಗಿಂತ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಗಂಟೆಗಳ ಲೆಕ್ಕ ಎಲ್ಲ ಪರದೆಗಳಿಗೂ ಸೇರಿದ್ದು. ಊಟ ಮಾಡಿಸುವಾಗ ತೋರಿಸಿದ ಮೊಬೈಲು, ಅಜ್ಜಿಯ ಜೊತೆ ನೋಡಿದ ಧಾರಾವಾಹಿ, ಶಾಲೆಯವರು ಕಳಿಸಿದ ವಿಡಿಯೋ ಎಲ್ಲವೂ ಅದರೊಳಗೇ ಬರುತ್ತವೆ. 4 ವರ್ಷದ ಮಗುವಿನ ಆ ಒಂದು ಗಂಟೆ ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿ ಹೊತ್ತಿಗೇ ಖರ್ಚಾಗಿರುತ್ತದೆ. ಹೀಗಾಗಿ 5 ವರ್ಷ ತುಂಬದ ಮಗುವಿಗೆಂದೇ ಒಂದು ಯಂತ್ರ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಆ ವಯಸ್ಸಿನಲ್ಲಿ ಬೆರಳಿಗೆ ಮಣ್ಣು, ನೀರು, ಬಳಪ, ಚಪಾತಿ ಹಿಟ್ಟು ಸಿಗಬೇಕು. 6 ವರ್ಷ ದಾಟಿದ ಮೇಲೆ, ಮನೆಯವರಿಗೆ ನಿಯಮ ಹಾಕುವ ಮತ್ತು ಅದನ್ನು ಪಾಲಿಸುವ ತಾಳ್ಮೆ ಇದ್ದರೆ, ಕೊಡಿಸುವುದರಲ್ಲಿ ತಪ್ಪಿಲ್ಲ.

ತಲೆಗೆ ಕಟ್ಟಿಕೊಳ್ಳುವ ಕನ್ನಡಕದಂಥ ವಿ.ಆರ್. ಯಂತ್ರಗಳು ಮಾತ್ರ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಇದನ್ನು ತಯಾರಕರೇ ಹೇಳುತ್ತಾರೆ. 2023ರಲ್ಲಿ ಬಂದ ಪ್ಲೇಸ್ಟೇಷನ್ ವಿ.ಆರ್. 2 ಯಂತ್ರವನ್ನು 12 ವರ್ಷದೊಳಗಿನವರು ಬಳಸಬಾರದೆಂದು ಸೋನಿ ಕಂಪೆನಿಯೇ ಎಚ್ಚರಿಸಿದೆ. ಅದಕ್ಕೂ ಮೊದಲು, 2011ರ ನಿಂಟೆಂಡೋ 3ಡಿಎಸ್ ಯಂತ್ರದ ಮೂರು ಆಯಾಮದ ಚಿತ್ರವನ್ನು 6 ವರ್ಷ ಹಾಗೂ ಅದಕ್ಕಿಂತ ಚಿಕ್ಕ ಮಕ್ಕಳಿಗೆ ತೋರಿಸಬಾರದೆಂಬ ಎಚ್ಚರಿಕೆ ಇತ್ತು.

ಓದಿನ ಮೇಲೆ ಪರಿಣಾಮ

‘ಆಟಕ್ಕೂ ಓದಿಗೂ ಏನು ಸಂಬಂಧ? ಆಡುವಾಗ ಆಡುತ್ತಾನೆ, ಓದುವಾಗ ಓದುತ್ತಾನೆ’ ಎನ್ನುವವರಿದ್ದಾರೆ. ಅಮೆರಿಕದ ಡೆನಿಸನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ವಿಡಿಯೋ ಗೇಮ್ ಇಲ್ಲದ, 6ರಿಂದ 9 ವರ್ಷದ 64 ಹುಡುಗರನ್ನು ಆರಿಸಿಕೊಂಡರು. ಅರ್ಧದಷ್ಟು ಹುಡುಗರಿಗೆ ಕೂಡಲೇ ಯಂತ್ರ ಕೊಟ್ಟರು. ಉಳಿದವರಿಗೆ 4 ತಿಂಗಳ ನಂತರ ಕೊಟ್ಟರು. ಯಾರಿಗೆ ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು.

4 ತಿಂಗಳ ಕೊನೆಗೆ ನೋಡಿದಾಗ, ಯಂತ್ರ ಸಿಕ್ಕಿದ್ದ ಹುಡುಗರು ಓದು ಮತ್ತು ಬರಹದ ಪರೀಕ್ಷೆಯಲ್ಲಿ ಇನ್ನೊಂದು ಗುಂಪಿಗಿಂತ ಹಿಂದಿದ್ದರು. ಶಾಲೆಯ ಪಾಠದಲ್ಲಿ ತೊಂದರೆ ಇದೆ ಎಂದು ಅವರ ಶಿಕ್ಷಕರೂ ಹೆಚ್ಚಾಗಿ ಹೇಳಿದರು. ಕಾರಣ ಹುಡುಕಿದಾಗ ಸಿಕ್ಕಿದ್ದು ಸರಳ ಸಂಗತಿ. ಶಾಲೆಯಿಂದ ಬಂದ ಮೇಲೆ ಓದಿಗೆ ಹೋಗುತ್ತಿದ್ದ ಸಮಯವನ್ನು ಆಟ ನುಂಗಿತ್ತು. ಆಟ ಹುಡುಗರ ಬುದ್ಧಿಯನ್ನು ಮಂಕುಗೊಳಿಸಿತು ಎಂದು ಇದರ ಅರ್ಥವಲ್ಲ. ದಿನಕ್ಕೆ ಇರುವುದೇ 24 ಗಂಟೆ. ಒಂದು ಹೊಸದಾಗಿ ಬಂದರೆ ಇನ್ನೊಂದು ಜಾಗ ಬಿಡಲೇಬೇಕು. ಯಾವುದು ಜಾಗ ಬಿಡಬೇಕೆಂಬುದನ್ನು ದೊಡ್ಡವರು ತೀರ್ಮಾನಿಸದಿದ್ದರೆ, ಮಗು ತೀರ್ಮಾನಿಸುತ್ತದೆ. ಹೆಚ್ಚಾಗಿ ಮೊದಲು ಜಾಗ ಬಿಡುವುದು ಓದು, ಆಮೇಲೆ ಬೀದಿಯ ಆಟ, ಕೊನೆಗೆ ನಿದ್ದೆ.

ನಿದ್ದೆಯ ಬಗ್ಗೆ ಒಂದು ಉದಾಹರಣೆ ಹೇಳುತ್ತೇನೆ. ಎರಡನೇ ತರಗತಿಯ ಹುಡುಗನೊಬ್ಬನನ್ನು ಬೆಳಿಗ್ಗೆ ಹೊತ್ತು ಹೊಟ್ಟೆನೋವು, ತಲೆನೋವೆಂದು ಮೂರು ವಾರದಲ್ಲಿ ಮೂರು ಬಾರಿ ಕರೆತಂದಿದ್ದರು. ಜಂತುಹುಳು ಇರಲಿಲ್ಲ, ಮೂತ್ರ ಪರೀಕ್ಷೆ ಸರಿಯಿತ್ತು, ಭಾನುವಾರ ಮಾತ್ರ ನೋವು ಬರುತ್ತಿರಲಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂದರೆ ‘ಒಂಬತ್ತಕ್ಕೇ’ ಎಂದರು ತಾಯಿ. ಹುಡುಗ ಮಾತ್ರ ನೆಲ ನೋಡುತ್ತಿದ್ದ. ಕೈಯಲ್ಲಿ ಹಿಡಿದು ಆಡುವ ಯಂತ್ರ ಅವನ ದಿಂಬಿನ ಕೆಳಗಿತ್ತು. ರಾತ್ರಿ ಹನ್ನೊಂದೂವರೆವರೆಗೆ ಹೊದಿಕೆಯೊಳಗೆ ಆಟ ನಡೆಯುತ್ತಿತ್ತು. ಮಾತ್ರೆ ಬರೆಯಲಿಲ್ಲ. ಯಂತ್ರ ರಾತ್ರಿ ಎಂಟರ ನಂತರ ತಂದೆತಾಯಿಯ ಕೋಣೆಯ ಬೀರುವಿನಲ್ಲಿ ಇರಲಿ ಎಂದೆ. ಹತ್ತು ದಿನದಲ್ಲಿ ಹೊಟ್ಟೆನೋವು ಹೋಯಿತು. 6ರಿಂದ 12 ವರ್ಷದ ಮಗುವಿಗೆ 9ರಿಂದ 12 ಗಂಟೆಯ ನಿದ್ದೆ ಬೇಕು ಎಂಬುದನ್ನು ನಾವು ಮರೆಯಬಾರದು.

ಕಣ್ಣಿನ ಮಾತು

ಪರದೆ ನೋಡಿದರೆ ಕಣ್ಣು ಕುರುಡಾಗುತ್ತದೆ ಎಂಬುದು ಸುಳ್ಳು. ಆದರೆ ತದೇಕಚಿತ್ತದಿಂದ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ, ಕೆಂಪಾಗುತ್ತದೆ. ಮಗು ಪದೇ ಪದೇ ಕಣ್ಣುಜ್ಜಿಕೊಳ್ಳುತ್ತಿದ್ದರೆ ಇದನ್ನು ಅನುಮಾನಿಸಿ.

ಇದಕ್ಕಿಂತ ಮುಖ್ಯವಾದದ್ದು ಸಮೀಪದೃಷ್ಟಿ, ಅಂದರೆ ದೂರದ್ದು ಮಂಜಾಗಿ ಕಾಣುವ ದೋಷ. ಹತ್ತಿರದ ವಸ್ತುವನ್ನೇ ಗಂಟೆಗಟ್ಟಲೆ ನೋಡುವುದು, ಬಯಲಿನ ಬೆಳಕಿಗೆ ಹೋಗದಿರುವುದು ಎರಡೂ ಇದಕ್ಕೆ ನಂಟು ಹೊಂದಿವೆ. ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು, ಅಷ್ಟೇ. 3 ವರ್ಷದ ನಂತರ, ಹೊರಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ 30.4 ಮಂದಿಗೆ ಸಮೀಪದೃಷ್ಟಿ ಹೊಸದಾಗಿ ಬಂದಿತ್ತು. ಉಳಿದ ಶಾಲೆಗಳಲ್ಲಿ ಈ ಸಂಖ್ಯೆ 39.5. ಖರ್ಚಿಲ್ಲದ, ಅಡ್ಡ ಪರಿಣಾಮವಿಲ್ಲದ ಔಷಧಿ ಎಂದರೆ ಅಂಗಳದ ಬೆಳಕು!

ಯಂತ್ರದ ಆಯ್ಕೆಗೆ ಈ ಮಾತು ನೇರವಾಗಿ ಸಂಬಂಧಿಸಿದೆ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಮಗು ಮುಖದಿಂದ ಒಂದು ಗೇಣು ದೂರದಲ್ಲಿ ಇಟ್ಟುಕೊಳ್ಳುತ್ತದೆ. ಟಿ.ವಿ.ಗೆ ಸಿಕ್ಕಿಸುವ ಯಂತ್ರದಲ್ಲಿ ಪರದೆ ಏಳೆಂಟು ಅಡಿ ದೂರವಿರುತ್ತದೆ. ಕಣ್ಣಿಗೂ ಕತ್ತಿಗೂ ಎರಡನೆಯದೇ ಹಿತ.

ಮೂರ್ಛೆರೋಗ ಇದ್ದರೆ

ಇದು ಅಪರೂಪ, ಆದರೆ ತಿಳಿದಿರಲೇಬೇಕಾದ ವಿಷಯ. ಪಟಪಟನೆ ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ತರಬಲ್ಲದು. 1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗುವ ದೃಶ್ಯವಿತ್ತು. ಅದನ್ನು ನೋಡಿ ಅಸ್ವಸ್ಥರಾದ ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಹೆಚ್ಚಿನವರು ಮಕ್ಕಳು. ಅವರಲ್ಲಿ ಅನೇಕರಿಗೆ ಅದಕ್ಕೂ ಮುಂಚೆ ಎಂದೂ ಫಿಟ್ಸ್ ಬಂದಿರಲಿಲ್ಲ. ವಿಡಿಯೋ ಗೇಮುಗಳೊಂದಿಗೆ ಬರುವ ಎಚ್ಚರಿಕೆಯ ಚೀಟಿಯಲ್ಲಿ ಇದೇ ವಿಷಯ ಬರೆದಿರುತ್ತದೆ. ನಾವು ಅದನ್ನು ಓದದೆ ಮಡಚಿಡುತ್ತೇವೆ.

ನಿಮ್ಮ ಮಗುವಿಗೆ ಹಿಂದೆ ಫಿಟ್ಸ್ ಬಂದಿದ್ದರೆ, ಅಥವಾ ಮನೆತನದಲ್ಲಿ ಯಾರಿಗಾದರೂ ಬೆಳಕಿನಿಂದ ಫಿಟ್ಸ್ ಬರುತ್ತಿದ್ದರೆ, ಯಂತ್ರ ಕೊಳ್ಳುವ ಮೊದಲು ವೈದ್ಯರನ್ನು ಕೇಳಿ. ಮೂರ್ಛೆರೋಗವಿರುವ ಎಲ್ಲರಿಗೂ ಬೆಳಕಿನ ತೊಂದರೆ ಇರುವುದಿಲ್ಲ. ನೂರರಲ್ಲಿ ಮೂರರಿಂದ ಐದು ಮಂದಿಗೆ ಮಾತ್ರ ಇರುತ್ತದೆ. ಇ.ಇ.ಜಿ. ಪರೀಕ್ಷೆಯಿಂದ ಇದನ್ನು ತಿಳಿಯಬಹುದು. ತೊಂದರೆ ಇಲ್ಲದ ಮಗುವಿಗೆ ಆಟವನ್ನು ಸುಮ್ಮನೆ ನಿಷೇಧಿಸಿ ದುಃಖಪಡಿಸಬೇಕಾಗಿಲ್ಲ. ಆಡುವಾಗ ಕೋಣೆಯ ದೀಪ ಹಾಕಿರಲಿ, ಪರದೆಯಿಂದ ದೂರ ಕೂರಲಿ, ನಿದ್ದೆಗೆಟ್ಟ ದಿನ ಆಟ ಬೇಡ. ಬೆಳಕು ವಿಪರೀತ ಮಿನುಗತೊಡಗಿದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಮುಖ ತಿರುಗಿಸುವುದನ್ನು ಕಲಿಸಿ. ಎರಡೂ ಕಣ್ಣಿನ ರೆಪ್ಪೆ ಮುಚ್ಚಿದರೆ ಸಾಲದು, ರೆಪ್ಪೆಯ ಮೂಲಕವೂ ಬೆಳಕು ಒಳಗೆ ಹೋಗುತ್ತದೆ.

ಒಂದು ವೇಳೆ ಫಿಟ್ಸ್ ಬಂದರೆ ಗಾಬರಿಯಾಗಬೇಡಿ. ಟಿ.ವಿ. ಆರಿಸಿ, ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಚಪ್ಪಲಿ ಅಥವಾ ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದನ್ನೂ ಮಾಡಬೇಡಿ. 5 ನಿಮಿಷ ಕಳೆದರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮೊದಲ ಬಾರಿ ಬಂದದ್ದಾದರೆ, ನಿಂತರೂ ಅದೇ ದಿನ ವೈದ್ಯರಿಗೆ ತೋರಿಸಿ.

ಬೆರಳು, ಭುಜ, ಕಿವಿ

1990ರಲ್ಲಿ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಸ್ವಾರಸ್ಯಕರ ಪತ್ರವೊಂದು ಪ್ರಕಟವಾಯಿತು. 35 ವರ್ಷದ ಮಹಿಳೆಯೊಬ್ಬರು 5 ಗಂಟೆ ಬಿಡುವಿಲ್ಲದೆ ನಿಂಟೆಂಡೋ ಆಡಿ ಹೆಬ್ಬೆರಳಿನ ತೀವ್ರ ನೋವಿನಿಂದ ವೈದ್ಯರ ಬಳಿ ಬಂದಿದ್ದರು. ವೈದ್ಯರು ಅದಕ್ಕೆ ‘ನಿಂಟೆಂಡಿನೈಟಿಸ್’ ಎಂದು ಹೆಸರಿಟ್ಟರು! ಮೈ ಕುಣಿಸಿ ಆಡುವ ವೀ ಯಂತ್ರ 2006ರಲ್ಲಿ ಬಂದ ಮೇಲೆ, ಅದೇ ಪತ್ರಿಕೆಯಲ್ಲಿ 2007ರಲ್ಲಿ ಭುಜ ನೋಯಿಸಿಕೊಂಡ ಯುವ ವೈದ್ಯರೊಬ್ಬರ ಕಥೆಯೂ ಬಂತು. ದೊಡ್ಡವರ ಪಾಡೇ ಹೀಗಾದರೆ ಮಕ್ಕಳ ಎಳೆಯ ಕೀಲುಗಳ ಮಾತೇನು? ಅರ್ಧ ಗಂಟೆಗೊಮ್ಮೆ ಏಳಿಸಿ, ಕೈ ಕೊಡವಿಸಿ, ನೀರು ಕುಡಿಸಿ.

ಹಿಡಿ ಎಷ್ಟು ದೊಡ್ಡದು, ಎಷ್ಟು ತೂಕ ಎಂಬುದನ್ನೂ ನೋಡಬೇಕು. ಪ್ಲೇಸ್ಟೇಷನ್ 5ರ ಹಿಡಿ ಸುಮಾರು 280 ಗ್ರಾಂ ತೂಗುತ್ತದೆ. ಎಕ್ಸ್‌ಬಾಕ್ಸಿನದೂ ಹೆಚ್ಚುಕಡಿಮೆ ಅಷ್ಟೇ. ನಿಂಟೆಂಡೋ ಸ್ವಿಚ್‌ನ ಬಿಡಿ ಹಿಡಿ 50 ಗ್ರಾಂ ಆಸುಪಾಸಿನದು. 6 ವರ್ಷದ ಮಗುವಿನ ಅಂಗೈಯನ್ನು ಒಮ್ಮೆ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಕಿವಿಗೆ ಸಿಕ್ಕಿಸುವ ಹೆಡ್‌ಫೋನ್ ಚಿಕ್ಕ ಮಕ್ಕಳಿಗೆ ಬೇಡ. ಆಟದ ಸದ್ದು ಮನೆಯವರಿಗೂ ಕೇಳಿಸುತ್ತಿರಲಿ. ಅನಿವಾರ್ಯವಾದರೆ ಸದ್ದು 75 ಡೆಸಿಬೆಲ್ ಮೀರದಂತೆ ಮಿತಿಯಿಡಿ. ಮಕ್ಕಳಿಗೆ ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಮಟ್ಟವನ್ನೇ. ಅಳತೆಯ ಯಂತ್ರ ಇಲ್ಲದವರಿಗೆ ಒಂದು ಸುಲಭ ಉಪಾಯ: ತೋಳಳತೆ ದೂರದಲ್ಲಿ ನಿಂತು ಸಾಮಾನ್ಯ ದನಿಯಲ್ಲಿ ಕರೆದರೆ ಮಗುವಿಗೆ ಕೇಳಿಸಬೇಕು.

ನುಂಗುವ ಅಪಾಯ

ಮನೆಯಲ್ಲಿ ದೊಡ್ಡ ಮಗುವಿಗೆ ಯಂತ್ರ ತಂದಾಗ, ತೆವಳುವ ತಮ್ಮನೋ ತಂಗಿಯೋ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಸ್ವಿಚ್ ಯಂತ್ರದ ಆಟದ ಬಿಲ್ಲೆ ಒಂದು ದೊಡ್ಡ ಅಂಚೆಚೀಟಿಯಷ್ಟು ಚಿಕ್ಕದು. ಮಕ್ಕಳು ನುಂಗದಿರಲೆಂದು ಅದಕ್ಕೆ ವಿಪರೀತ ಕಹಿಯಾದ ಲೇಪನ ಬಳಿದಿರುತ್ತಾರೆ. ಬೆರಳು ಕಚ್ಚುವ ಮಕ್ಕಳಿಗೆ ಬೇವಿನ ರಸ ಹಚ್ಚುತ್ತಿದ್ದ ನಮ್ಮ ಅಜ್ಜಿಯರ ಉಪಾಯವೇ ಇದು!

ಆದರೆ ನಿಜವಾದ ವೈರಿ ಗುಂಡಿ ಆಕಾರದ ಬ್ಯಾಟರಿ. ಚಿಕ್ಕ ರಿಮೋಟುಗಳಲ್ಲಿ, ಸಂತೆಯಲ್ಲಿ ಸಿಗುವ ಅಗ್ಗದ ಆಟಿಕೆಗಳಲ್ಲಿ ಇದಿರುತ್ತದೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಒಳಗಿನ ಗೋಡೆಯನ್ನು ಸುಡಬಲ್ಲದು. ನಾಣ್ಯ ನುಂಗಿದಂತೆ ‘ನಾಳೆ ಹೊರಗೆ ಬರುತ್ತದೆ’ ಎಂದು ಬಾಳೆಹಣ್ಣು ತಿನ್ನಿಸಿ ಕೂರುವ ವಿಷಯವಲ್ಲ ಇದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಕೊಳ್ಳುವಾಗಲೇ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ‘ನಾನೂರು ಆಟ ಒಂದೇ ಡಬ್ಬಿಯಲ್ಲಿ’ ಎಂದು ಮಾರುವ ಹೆಸರಿಲ್ಲದ ಯಂತ್ರಗಳ ಚಾರ್ಜರ್ ಹಾಗೂ ಬ್ಯಾಟರಿಯ ಮೇಲೆ ಬಿ.ಐ.ಎಸ್. ನೋಂದಣಿಯ ಗುರುತು ಇಲ್ಲದಿದ್ದರೆ ಮನೆಗೆ ತರಬೇಡಿ. ಹೊರದೇಶದಿಂದ ನೆಂಟರು ತಂದದ್ದಾದರೆ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ಎಂದು ನೋಡಿಯೇ ಸಿಕ್ಕಿಸಿ.

ಡಬ್ಬದ ಮೇಲಿನ ಅಂಕಿ

ಸಿನಿಮಾಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಇರುವಂತೆ ಆಟಗಳಿಗೂ ವಯಸ್ಸಿನ ಗುರುತು ಇರುತ್ತದೆ. ಅಮೆರಿಕದ ಇ.ಎಸ್.ಆರ್.ಬಿ. ಗುರುತು 1994ರಲ್ಲಿ, ಯೂರೋಪಿನ ಪೆಗಿ ಗುರುತು 2003ರಲ್ಲಿ ಬಂದವು. ಪೆಗಿಯಲ್ಲಿ 3, 7, 12, 16, 18 ಎಂಬ ಅಂಕಿಗಳಿರುತ್ತವೆ. ಅಮೆರಿಕದ ಗುರುತಿನಲ್ಲಿ ‘ಇ’ ಎಂದರೆ ಎಲ್ಲರಿಗೂ, ‘ಟಿ’ ಎಂದರೆ 13 ದಾಟಿದವರಿಗೆ, ‘ಎಂ’ ಎಂದರೆ 17 ದಾಟಿದವರಿಗೆ. ಮಾರಿಯೋ ಕಾರ್ಟ್ 8 ಡಿಲಕ್ಸ್ ಆಟಕ್ಕೆ ಪೆಗಿ 3. ಗ್ರ್ಯಾಂಡ್ ಥೆಫ್ಟ್ ಆಟೊ 5 ಆಟಕ್ಕೆ ಪೆಗಿ 18. ಎರಡೂ ಅಂಗಡಿಯ ಒಂದೇ ಗಾಜಿನ ಕಪಾಟಿನಲ್ಲಿ ಇರಬಹುದು, ಎರಡರಲ್ಲೂ ಕಾರು ಓಡಬಹುದು! ಕಾರಿನ ಆಟವೆಂದು ನಂಬಿ ಎರಡನೆಯದನ್ನು ಕೊಂಡರೆ, ಮಗು ನೋಡುವುದು ರಕ್ತಪಾತ ಹಾಗೂ ಅಶ್ಲೀಲತೆ.

ಅಂತರ್ಜಾಲದ ಮೂಲಕ ಎದುರು ಆಡುವ ಅಪರಿಚಿತರು ಏನು ಮಾತಾಡುತ್ತಾರೆ ಎಂಬುದನ್ನು ಯಾವ ಅಂಕಿಯೂ ಮೊದಲೇ ಹೇಳಲಾರದು. ಆದ್ದರಿಂದ ಚಿಕ್ಕ ಮಕ್ಕಳಿಗೆ ಅಂತರ್ಜಾಲದ ಆಟ ಬೇಡ. ಪಕ್ಕದಲ್ಲಿ ಕುಳಿತ ಅಕ್ಕ, ಅಣ್ಣ, ಅಪ್ಪನ ಜೊತೆ ಆಡಲಿ.

ಹಣದ ವಿಷಯವೂ ಅಷ್ಟೇ. ಆಟದ ನಡುವೆ ಹೊಸ ಬಟ್ಟೆ, ಹೊಸ ಕತ್ತಿ ಕೊಳ್ಳಿ ಎಂದು ಮಗುವಿನ ಮುಂದೆ ಗುಂಡಿಗಳು ಬರುತ್ತವೆ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪೆನಿ ಮಕ್ಕಳ ಮಾಹಿತಿಯ ವಿಷಯದಲ್ಲೂ, ಬೇಡದ ಖರೀದಿಗಳ ವಿಷಯದಲ್ಲೂ ಬಂದ ದೂರುಗಳನ್ನು ಬಗೆಹರಿಸಲು 2022ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರದೊಂದಿಗೆ 52 ಕೋಟಿ ಡಾಲರಿಗೆ ಒಪ್ಪಂದ ಮಾಡಿಕೊಂಡಿತು. ಯಂತ್ರಕ್ಕೆ ನಿಮ್ಮ ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ಕೊಟ್ಟು ಮರೆಯಬೇಡಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ನಾನು ಯಾವ ಕಂಪೆನಿಯ ಏಜೆಂಟನೂ ಅಲ್ಲ. ಆದರೆ ಮೇಲಿನ ಮಾತುಗಳನ್ನೆಲ್ಲ ಕೂಡಿಸಿದರೆ 6ರಿಂದ 9 ವರ್ಷದ ಮಗುವಿಗೆ ಬೇಕಾದ ಯಂತ್ರದ ಲಕ್ಷಣಗಳು ತಾವಾಗಿಯೇ ಹೊರಬರುತ್ತವೆ.

1. ಟಿ.ವಿ.ಗೆ ಜೋಡಿಸಿ ಆಡುವಂತಿರಬೇಕು. ನಿಂಟೆಂಡೋದ 2017ರ ಸ್ವಿಚ್ ಮತ್ತು 2021ರ ಓಲೆಡ್ ಮಾದರಿ ಎರಡನ್ನೂ ಟಿ.ವಿ.ಗೆ ಜೋಡಿಸಬಹುದು. 2019ರ ಸ್ವಿಚ್ ಲೈಟ್ ಕಡಿಮೆ ಬೆಲೆಯದಾದರೂ ಟಿ.ವಿ.ಗೆ ಜೋಡಿಸಲು ಬಾರದು. 2025ರಲ್ಲಿ ಬಂದ ಸ್ವಿಚ್ 2 ಟಿ.ವಿ.ಗೆ ಜೋಡಿಸಬಹುದಾದರೂ, ಕೈಯಲ್ಲಿ ಹಿಡಿದರೆ ಅರ್ಧ ಕಿಲೋಗೂ ಹೆಚ್ಚು ಭಾರ.

2. ಹಿಡಿ ಚಿಕ್ಕದಾಗಿ, ಹಗುರವಾಗಿ, ಎರಡಾಗಿ ಇರಬೇಕು. ಎರಡನೆಯದು ನಿಮಗೆ.

3. ಆಟಗಳು ಡಿಸ್ಕ್ ಅಥವಾ ಬಿಲ್ಲೆಯ ರೂಪದಲ್ಲಿ ಸಿಗುವಂತಿದ್ದರೆ ಒಳ್ಳೆಯದು. ಡಿಸ್ಕನ್ನು ಬೀರುವಿನಲ್ಲಿ ಇಡಬಹುದು, ನೆಂಟರ ಮಕ್ಕಳೊಂದಿಗೆ ಬದಲಾಯಿಸಿಕೊಳ್ಳಬಹುದು. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಹಾಗೂ ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿ ಅಗ್ಗವೆಂದು ಕಂಡರೂ ಅವುಗಳಲ್ಲಿ ಡಿಸ್ಕ್ ಹಾಕುವ ಕಿಂಡಿಯೇ ಇಲ್ಲ. ಪ್ರತಿ ಆಟವನ್ನೂ ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು.

4. ಸಮಯಕ್ಕೆ, ವಯಸ್ಸಿಗೆ, ಖರ್ಚಿಗೆ ಬೀಗ ಹಾಕುವ ಸೌಲಭ್ಯ ಬೇಕು. ನಿಂಟೆಂಡೋ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೂರರಲ್ಲೂ ಇದಿದೆ. ಮಗುವಿನ ಕೈಗೆ ಕೊಡುವ ಹಿಂದಿನ ರಾತ್ರಿಯೇ ಕುಳಿತು ಇದನ್ನು ಸರಿಪಡಿಸಿ. ಕೊಟ್ಟ ಮೇಲೆ ಬೀಗ ಹಾಕಿದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಮೊದಲೇ ಹಾಕಿದ್ದರೆ ಅದು ಯಂತ್ರದ ಗುಣದಂತೆ ಕಾಣುತ್ತದೆ.

ಮನೆಯಲ್ಲಿ ಈಗಾಗಲೇ ಅಣ್ಣನ ಪ್ಲೇಸ್ಟೇಷನ್ ಇದ್ದರೆ ಹೊಸದು ಬೇಡ. ಚಿಕ್ಕ ಮಗುವಿನ ಹೆಸರಿನಲ್ಲಿ ಬೇರೆ ಖಾತೆ ತೆರೆದು, ವಯಸ್ಸಿಗೆ ತಕ್ಕ ಎರಡೇ ಆಟ ಕೊಡಿ. ಎರಡು ಆಟವಿದ್ದ ಮಗು ಆಡುತ್ತದೆ. ಇಪ್ಪತ್ತು ಆಟವಿದ್ದ ಮಗು ಯಾವುದೂ ಸಾಲದೆಂದು ಗೊಣಗುತ್ತದೆ.

ಮನೆಯ ಕಾನೂನು

* ಯಂತ್ರದ ಜಾಗ ನಡುಮನೆ. ಮಲಗುವ ಕೋಣೆಯಲ್ಲ.
* ಮೊದಲು ಬಯಲು, ಆಮೇಲೆ ಪರದೆ. ಶಾಲೆಯಿಂದ ಬಂದ ಮಗು ಒಂದು ಗಂಟೆ ಹೊರಗೆ ಆಡಿ ಬೆವರಿದ ಮೇಲೆ ಮಾತ್ರ ಆಟದ ಯಂತ್ರ.
* ಶಾಲೆಯ ದಿನ ಅರ್ಧ ಗಂಟೆ, ರಜಾದಿನ ಒಂದು ಗಂಟೆ ಸಾಕು. ಮಲಗುವ ಒಂದು ಗಂಟೆ ಮೊದಲು ಎಲ್ಲ ಪರದೆ ಬಂದ್.
* ಊಟದ ತಟ್ಟೆಯ ಮುಂದೆ ಆಟವಿಲ್ಲ.
* ‘ಹತ್ತು ನಿಮಿಷ’ ಎಂಬುದು ಚಿಕ್ಕ ಮಗುವಿಗೆ ಅರ್ಥವಾಗದು. ‘ಇನ್ನೆರಡು ರೇಸು’ ಎಂದರೆ ಅರ್ಥವಾಗುತ್ತದೆ. ಆಟದ ಮಧ್ಯೆ ಪ್ಲಗ್ ಕಿತ್ತರೆ ಜಗಳ ಖಚಿತ.
* ಅಪ್ಪ ಒಂದು, ಅಮ್ಮ ಒಂದು, ಅಜ್ಜ ಇನ್ನೊಂದು ಹೇಳಬಾರದು. ಬೇಡವೆಂದದ್ದನ್ನು ಅಜ್ಜನ ಮಡಿಲಲ್ಲಿ ಗೆಲ್ಲುವ ವಿದ್ಯೆ ಮಕ್ಕಳಿಗೆ ಚೆನ್ನಾಗಿ ಗೊತ್ತು.
* ವಾರಕ್ಕೊಮ್ಮೆಯಾದರೂ ನೀವೂ ಜೊತೆಗೆ ಆಡಿ, ಸೋಲಿ. ಮಗುವಿಗೆ ಆ ಯಂತ್ರದಿಂದ ಸಿಗುವ ದೊಡ್ಡ ಸಂತೋಷ ಅದೇ.

ಕೆಲವು ಸಂದೇಹಗಳು

ಕಣ್ಣಿನ ರಕ್ಷಣೆಗೆ ನೀಲಿ ಬೆಳಕು ತಡೆಯುವ ಕನ್ನಡಕ ಬೇಕೇ?

ಬೇಡ. 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2023ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಅಂಥ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಸಂಭವವಿಲ್ಲ. ಆ ದುಡ್ಡಿಗೆ ಒಂದು ಬ್ಯಾಟು, ಒಂದು ಚೆಂಡು ಕೊಡಿಸಿ.

ಮೈ ಕುಣಿಸುವ ಆಟ ಕೊಡಿಸಿದರೆ ವ್ಯಾಯಾಮ ಆದಂತಲ್ಲವೇ?

ಕುಳಿತು ಆಡುವುದಕ್ಕಿಂತ ಖಂಡಿತ ವಾಸಿ. ಮಳೆಗಾಲದ ಸಂಜೆಗೆ ಒಳ್ಳೆಯದು. ಆದರೆ 5 ವರ್ಷ ದಾಟಿದ ಮಗುವಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕು. ಬಯಲಿನ ಬೆಳಕು, ಗೆಳೆಯರ ಜಗಳ, ಬಿದ್ದು ಏಳುವುದು ಇವು ಪರದೆಯ ಮುಂದೆ ಸಿಗುವುದಿಲ್ಲ. ಕೈಗೆ ಪಟ್ಟಿ ಕಟ್ಟದೆ ಆಡಲು ಬಿಡಬೇಡಿ. ವೀ ಯಂತ್ರದ ಹಿಡಿಗಳು ಕೈಜಾರಿ ಹಾರತೊಡಗಿದಾಗ ನಿಂಟೆಂಡೋ ಕಂಪೆನಿ 2006ರಲ್ಲಿ ಸುಮಾರು 32 ಲಕ್ಷ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು.

ಮಗು ಆಟ ನಿಲ್ಲಿಸಿದಾಗ ಅಳುತ್ತದೆ. ಇದು ಚಟವೇ?

ಅತ್ತ ಮಾತ್ರಕ್ಕೆ ಚಟವಲ್ಲ. ಜಾತ್ರೆಯಿಂದ ಮನೆಗೆ ಹೊರಡುವಾಗಲೂ ಮಕ್ಕಳು ಅಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ‘ಗೇಮಿಂಗ್ ಡಿಸಾರ್ಡರ್’ ಎಂಬ ಕಾಯಿಲೆ ಅದರಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದೆಯೆಂದು ಕಂಡರೂ ನಿಲ್ಲಿಸಲಾಗದಿರುವುದು ಈ ಮೂರೂ ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದರೆ ಮಾತ್ರ ಆ ಹೆಸರು.

ಹಾಗೆಂದು ವರ್ಷ ಕಾಯುತ್ತ ಕೂರಬೇಕಿಲ್ಲ. ಮಗು ಶಾಲೆ ತಪ್ಪಿಸುತ್ತಿದ್ದರೆ, ಗೆಳೆಯರನ್ನು ಬಿಟ್ಟಿದ್ದರೆ, ಕದ್ದು ಆಡುತ್ತಿದ್ದರೆ, ತಡೆದಾಗ ಹೊಡೆಯಲು ಬರುತ್ತಿದ್ದರೆ ನಿಮ್ಮ ಕುಟುಂಬದ ವೈದ್ಯರಲ್ಲಿ ಮಾತಾಡಿ. ಯಂತ್ರವನ್ನು ನೆಲಕ್ಕೆ ಅಪ್ಪಳಿಸಿ ಒಡೆಯುವುದರಿಂದ ಪ್ರಯೋಜನವಿಲ್ಲ. ಹಲವು ಬಾರಿ ಆಟದ ಹಿಂದೆ ಬೇರೊಂದು ನೋವು ಅಡಗಿರುತ್ತದೆ: ತರಗತಿಯಲ್ಲಿ ಅಕ್ಷರ ಹತ್ತದ ಅವಮಾನ, ಮನೆಯಲ್ಲಿ ದಿನನಿತ್ಯದ ಜಗಳ, ಜೊತೆಗೆ ಯಾರೂ ಇಲ್ಲದ ಸಂಜೆ. ಅದನ್ನು ಹುಡುಕಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿ ಬಳಕೆಗಾಗಿಯೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ದೂರದ ಊರಿನವರು ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಕೊನೆಯದಾಗಿ, ಅಂಗಡಿಗೆ ಹೋಗುವ ಮೊದಲು ಒಂದು ಕಾಗದ ತೆಗೆದುಕೊಂಡು ನಿಮ್ಮ ಮಗುವಿನ ಒಂದು ದಿನವನ್ನು ಬರೆಯಿರಿ. ನಿದ್ದೆಗೆ ಇಷ್ಟು, ಶಾಲೆಗೆ ಇಷ್ಟು, ಓದಿಗೆ, ಊಟಕ್ಕೆ, ಬಯಲಿನ ಆಟಕ್ಕೆ, ಅಜ್ಜಿಯ ಜೊತೆಗಿನ ಮಾತಿಗೆ ಇಷ್ಟು ಎಂದು ಹಂಚಿ. ಇವೆಲ್ಲ ಆದ ಮೇಲೆ ಅರ್ಧ ಗಂಟೆ ಉಳಿದರೆ ಧಾರಾಳವಾಗಿ ಯಂತ್ರ ಕೊಡಿಸಿ, ಮಗು ಸಂತೋಷಪಡಲಿ. ಉಳಿಯದಿದ್ದರೆ ಈ ವರ್ಷ ಬೇಡ. ಮುಂದಿನ ಹುಟ್ಟುಹಬ್ಬ ಬಂದೇ ಬರುತ್ತದೆ.